ಹವಾಯಿ ಪ್ರವಾಸ: ಎರಡೇ ದ್ವೀಪ, ಹತ್ತು ದಿನ. ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹವಾಯಿಗೆ ಹೋದಾಗ ಏಳು ದಿನದಲ್ಲಿ ನಾಲ್ಕು ದ್ವೀಪ ನೋಡುವ ಲೆಕ್ಕ ಹಾಕಿದ್ದೆವು. ನಕ್ಷೆಯಲ್ಲಿ ಎಲ್ಲ ಅಕ್ಕಪಕ್ಕ ಇವೆಯಲ್ಲ, ದೋಣಿ ಹತ್ತಿದರಾಯಿತು ಅಂದುಕೊಂಡಿದ್ದೆವು. ಮೌಯಿಯಿಂದ ಪಕ್ಕದ ಲನಾಯಿಗೆ ಹೋಗುವ ಚಿಕ್ಕ ಫೆರ್ರಿ ಬಿಟ್ಟರೆ ದೊಡ್ಡ ದ್ವೀಪಗಳ ನಡುವೆ ದೋಣಿಯೇ ಇಲ್ಲ ಎಂದು ಆಮೇಲೆ ತಿಳಿಯಿತು. ಪ್ರತಿಯೊಂದಕ್ಕೂ ವಿಮಾನ ಬೇಕು. ಹಾರಾಟ ಮುಕ್ಕಾಲು ಗಂಟೆಯದ್ದೇ ಇರಬಹುದು. ಆದರೆ ರೂಮು ಖಾಲಿ ಮಾಡಿ, ಕಾರು ಮರಳಿಸಿ, ಸಾಲಿನಲ್ಲಿ ನಿಂತು, ಅತ್ತ ಮತ್ತೊಂದು ಕಾರು ಹಿಡಿಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಎರಡನೇ ಸಲ ಅಪ್ಪ ಅಮ್ಮನ ಜೊತೆ ಹೋದೆವು. ಎರಡೇ ದ್ವೀಪ, ಹತ್ತು ದಿನ. ಹವಾಯಿ ನಮಗೆ ಕಂಡಿದ್ದು ಆ ಸಲವೇ.

ಹಾಗಾಗಿ ಮೊದಲು ದ್ವೀಪ ಆರಿಸಿ. ಟಿಕೆಟ್, ಹೋಟೆಲ್, ಬಟ್ಟೆ, ಖರ್ಚು ಎಲ್ಲ ಅದರ ಹಿಂದೆ ಬರುತ್ತವೆ.

ಹಂತ 1: ದ್ವೀಪಗಳ ವಯಸ್ಸು ತಿಳಿದುಕೊಳ್ಳಿ

ಇದು ಭೂಗೋಳದ ಪಾಠ ಅನ್ನಿಸಬಹುದು. ಆದರೆ ಯಾವ ದ್ವೀಪದಲ್ಲಿ ಏನು ಸಿಗುತ್ತದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಪೆಸಿಫಿಕ್ ಸಾಗರದ ತಳದ ಕೆಳಗೆ ಒಂದು ಬಿಸಿ ಜಾಗವಿದೆ. ಅದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಮೇಲಿನ ಭೂಫಲಕ ಮಾತ್ರ ವರ್ಷಕ್ಕೆ ಕೆಲವು ಸೆಂಟಿಮೀಟರ್ ವಾಯುವ್ಯಕ್ಕೆ ಸರಿಯುತ್ತದೆ. ಒಲೆ ಒಂದೇ ಕಡೆ ಉರಿಯುತ್ತಿದೆ, ಕಾವಲಿಯನ್ನು ನಿಧಾನಕ್ಕೆ ಎಳೆಯುತ್ತಿದ್ದಾರೆ ಎಂದುಕೊಳ್ಳಿ. ಒಲೆಯ ಮೇಲೆ ಬಂದ ಜಾಗದಲ್ಲಿ ಹೊಸ ದ್ವೀಪ ಹುಟ್ಟುತ್ತದೆ. ಮುಂದಕ್ಕೆ ಸರಿದದ್ದು ತಣ್ಣಗಾಗಿ, ಮಳೆಗೆ ಕೊರೆದು, ಕೊನೆಗೆ ಸಮುದ್ರಕ್ಕೆ ಇಳಿಯುತ್ತದೆ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಕೂಡ ಹೀಗೇ ಉಕ್ಕಿದ ಲಾವಾ ಕಲ್ಲು ಸವೆದು ಆದದ್ದು. ಅದು ಹರಿದು ಸುಮಾರು 6.6 ಕೋಟಿ ವರ್ಷ ಕಳೆದಿದೆ. ಹವಾಯಿಯಲ್ಲಿ ಅದೇ ಜಾತಿಯ ಕರಿಕಲ್ಲು ಇನ್ನೂ ಬಿಸಿ ಇರುವಾಗಲೇ ಕಾಣಸಿಗುತ್ತದೆ.

ಈಗ ಸಾಲು ಹಿಡಿಯಿರಿ. ವಾಯುವ್ಯದ ಕವಾಯಿಗೆ ಸುಮಾರು 50 ಲಕ್ಷ ವರ್ಷ. ಅಲ್ಲಿ ಬೆಂಕಿ ಇಲ್ಲ. ಆಳದ ಕಣಿವೆ, ದಟ್ಟ ಹಸಿರು, ಸಮುದ್ರಕ್ಕೆ ನೇರವಾಗಿ ಬೀಳುವ ನಾ ಪಾಲಿ ತೀರದ ಕಡಿದಾದ ಬಂಡೆಗಳು ಇವೆ. ನಡುವೆ ಓವಾಹು, ಆಮೇಲೆ ಮೌಯಿ. ಆಗ್ನೇಯದ ತುದಿಯಲ್ಲಿ ಹವಾಯಿ ಎಂಬ ಹೆಸರಿನದೇ ದ್ವೀಪ. ಗೊಂದಲ ಬೇಡವೆಂದು ಎಲ್ಲರೂ ಅದನ್ನು ಬಿಗ್ ಐಲ್ಯಾಂಡ್ ಅನ್ನುತ್ತಾರೆ. ಅದಕ್ಕೆ ಇನ್ನೂ ಹತ್ತು ಲಕ್ಷ ವರ್ಷ ತುಂಬಿಲ್ಲ, ಕೊಡಗಿನ ಎರಡೂವರೆ ಪಟ್ಟು ದೊಡ್ಡದು, ಇವತ್ತಿಗೂ ಬೆಳೆಯುತ್ತಿದೆ.

ಹಂತ 2: ಒಂದು ಎಳೆಯ ದ್ವೀಪ, ಒಂದು ಹಳೆಯ ದ್ವೀಪ ಆರಿಸಿ

ನನ್ನ ಸಲಹೆ ಬಿಗ್ ಐಲ್ಯಾಂಡ್ ಮತ್ತು ಕವಾಯಿ. ಒಂದರಲ್ಲಿ ನೆಲ ಹುಟ್ಟುವುದನ್ನು ನೋಡುತ್ತೀರಿ, ಇನ್ನೊಂದರಲ್ಲಿ ಅದೇ ನೆಲ ಲಕ್ಷಾಂತರ ವರ್ಷ ಮಳೆ ಕುಡಿದು ಏನಾಗುತ್ತದೆ ಎಂದು ನೋಡುತ್ತೀರಿ. ಬಿಗ್ ಐಲ್ಯಾಂಡಿಗೆ ಐದು ರಾತ್ರಿ, ಕವಾಯಿಗೆ ನಾಲ್ಕು.

ಕಾರು ಓಡಿಸಲು ಮನಸ್ಸಿಲ್ಲದಿದ್ದರೆ ಓವಾಹು ಒಳ್ಳೆಯದು. ಹೊನೊಲುಲು ಅಲ್ಲೇ ಇದೆ, ಸಿಟಿ ಬಸ್ಸು ಚೆನ್ನಾಗಿದೆ. ವೈಕಿಕಿ ಕಡಲತೀರ, ಪರ್ಲ್ ಹಾರ್ಬರ್, ಇಯೊಲಾನಿ ಅರಮನೆ ಎಲ್ಲ ಬಸ್ಸಿನಲ್ಲೇ ಮುಗಿಯುತ್ತದೆ. ಇಯೊಲಾನಿ ಬಿಡಬೇಡಿ. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪಟ್ಟದಿಂದ ಇಳಿಸಿ, ಆಮೇಲೆ ಈ ಅರಮನೆಯ ಒಂದು ಕೋಣೆಯಲ್ಲೇ ಸೆರೆ ಇಟ್ಟಿದ್ದರು. ಅಮೆರಿಕ ಈ ದ್ವೀಪಗಳನ್ನು ಸೇರಿಸಿಕೊಂಡದ್ದು 1898ರಲ್ಲಿ, ರಾಜ್ಯ ಮಾಡಿದ್ದು 1959ರಲ್ಲಿ. ಇಲ್ಲಿಯ ಮೂಲ ಜನರ ಮನಸ್ಸಿನಲ್ಲಿ ಆ ಗಾಯ ಮಾಸಿಲ್ಲ. ಅದು ಗೊತ್ತಿದ್ದು ಹೋದರೆ ನೀವು ನೋಡುವ ರೀತಿ ಬೇರೆ ಇರುತ್ತದೆ.

ಮೌಯಿಗೆ ಹೋಗುವವರು 2023ರ ಆಗಸ್ಟ್ ಬೆಂಕಿಯನ್ನು ನೆನಪಿಟ್ಟುಕೊಳ್ಳಿ. ಲಹೈನಾ ಪಟ್ಟಣ ಸುಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ದ್ವೀಪಕ್ಕೆ ಪ್ರವಾಸಿಗರು ಬೇಕು, ಸುಟ್ಟ ಬೀದಿಗಳ ಮುಂದೆ ನಿಂತು ಫೋಟೊ ತೆಗೆಯುವವರು ಬೇಡ.

ಹಂತ 3: ತಿಂಗಳು ಮತ್ತು ದಿಕ್ಕು ನೋಡಿ

ಹವಾಯಿಯ ಮಳೆ ನಮಗೆ ಬೇಗ ಅರ್ಥವಾಗುತ್ತದೆ. ಪ್ರತಿ ದ್ವೀಪದಲ್ಲೂ ಒಂದು ಮಲೆನಾಡು, ಒಂದು ಬಯಲುಸೀಮೆ ಇದೆ. ದಿಕ್ಕು ಮಾತ್ರ ಉಲ್ಟಾ. ನಮ್ಮಲ್ಲಿ ಮಳೆಗಾಳಿ ಪಶ್ಚಿಮದ ಅರಬ್ಬಿ ಸಮುದ್ರದಿಂದ ಬಂದು ಘಟ್ಟಕ್ಕೆ ಬಡಿಯುತ್ತದೆ. ಅಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಪೂರ್ವ ಮತ್ತು ಉತ್ತರ ಒದ್ದೆ, ಪಶ್ಚಿಮ ಮತ್ತು ದಕ್ಷಿಣ ಒಣ. ಬಿಗ್ ಐಲ್ಯಾಂಡಿನ ಹಿಲೊ ಸದಾ ತೊಯ್ದಿರುತ್ತದೆ, ಕೋನಾ ಕಡೆ ಬಿಸಿಲು. ಕವಾಯಿಯ ನಡುವಿನ ವೈಅಲೆಅಲೆ ಬೆಟ್ಟದ ಮೇಲೆ ವರ್ಷಕ್ಕೆ ಸುಮಾರು 10 ಮೀಟರ್ ಮಳೆ, ಅಂದರೆ ಆಗುಂಬೆಗಿಂತ ಜಾಸ್ತಿ. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಪೊಯ್ಪು ಕಡಲತೀರದಲ್ಲಿ ಜನ ಬಿಸಿಲು ಕಾಯಿಸುತ್ತಿರುತ್ತಾರೆ.

ಆದ್ದರಿಂದ ಫೋನಿನಲ್ಲಿ ಮಳೆಯ ಚಿತ್ರ ಕಂಡರೆ ಗಾಬರಿ ಬೇಡ. ಒಂದು ಗಂಟೆ ಕಾರು ಓಡಿಸಿ ಮಳೆಯ ಆಚೆ ಹೋಗಬಹುದು.

ತಿಂಗಳು ಕೇಳಿದರೆ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್. ಜನ ಕಡಿಮೆ, ದರವೂ ಕಡಿಮೆ. ಹಂಪ್‌ಬ್ಯಾಕ್ ತಿಮಿಂಗಿಲ ನೋಡಲೇಬೇಕೆಂದರೆ ಜನವರಿಯಿಂದ ಮಾರ್ಚ್, ಅದಕ್ಕೆ ಮೌಯಿ ಒಳ್ಳೆಯ ಜಾಗ. ಕ್ರಿಸ್‌ಮಸ್ ವಾರ ಬೇಡ, ದುಡ್ಡು ನೀರಿನಂತೆ ಹೋಗುತ್ತದೆ.

ಹಂತ 4: ವೀಸಾ, ಟಿಕೆಟ್, ಲೈಸೆನ್ಸ್

ಹವಾಯಿ ಅಮೆರಿಕದ ಒಂದು ರಾಜ್ಯ. ಊರಿನಿಂದ ಹೋಗುವವರಿಗೆ ಮಾಮೂಲಿ ಬಿ1/ಬಿ2 ವೀಸಾ ಸಾಕು. ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಆದ್ದರಿಂದ ವೀಸಾ ಕೈಗೆ ಬರುವ ತನಕ ಮರಳಿ ಸಿಗದ ಯಾವ ಬುಕಿಂಗ್ ಕೂಡ ಮಾಡಬೇಡಿ. ಬೆಂಗಳೂರಿನಿಂದ ಟೋಕಿಯೊ ಮೂಲಕ ಹೋಗುವುದು ಹತ್ತಿರದ ದಾರಿ. ಟೋಕಿಯೊದಿಂದ ಹೊನೊಲುಲು ಸುಮಾರು 7 ಗಂಟೆ. ದಿನದ ಗೆರೆ ದಾಟುವುದರಿಂದ ಟೋಕಿಯೊ ಬಿಟ್ಟ ದಿನವೇ, ಹೊರಟ ಗಳಿಗೆಗಿಂತ ಮುಂಚೆಯೇ ಹೊನೊಲುಲುವಿನಲ್ಲಿ ಇಳಿಯುತ್ತೀರಿ! ಹೋಟೆಲ್ ತಾರೀಖು ಹಾಕುವಾಗ ಇದನ್ನು ಎರಡು ಸಲ ನೋಡಿ. ಹವಾಯಿ ಭಾರತಕ್ಕಿಂತ ಹದಿನೈದೂವರೆ ಗಂಟೆ ಹಿಂದಿದೆ.

ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಇದು ಐದು ಗಂಟೆ ಚಿಲ್ಲರೆಯ ದೇಶದೊಳಗಿನ ಹಾರಾಟ. ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟ್ಯಾಂಪ್ ಮುಗಿದಿದ್ದರೂ ನಿಮ್ಮ ವಾಸದ ಅನುಮತಿ ಸರಿ ಇದ್ದರೆ ಹೋಗಿ ಬರಬಹುದು, ಏಕೆಂದರೆ ಗಡಿ ದಾಟುವುದಿಲ್ಲ. ಆದರೂ ಕಾಗದಪತ್ರ ಜೊತೆಗಿರಲಿ.

ಕಾರು ಓಡಿಸುವವರು ಊರಿನ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು, ಮೂಲ ಲೈಸೆನ್ಸ್ ಜೊತೆಗೇ ಒಯ್ಯಿರಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು.

ಹಂತ 5: ಮುಂಗಡ ಬುಕಿಂಗ್

ತುಂಬಾ ಜನ ಇಲ್ಲೇ ಎಡವುತ್ತಾರೆ. ಸುಮ್ನೆ ಹೋದರೆ ಗೇಟಿನಿಂದಲೇ ವಾಪಸ್ ಕಳಿಸುವ ಜಾಗಗಳಿವೆ. ಈ ತಾರೀಖುಗಳನ್ನು ಈಗಲೇ ಕ್ಯಾಲೆಂಡರಿಗೆ ಹಾಕಿ:

- ಮೌಯಿಯ ಹಲೇಅಕಲಾ ಶಿಖರದ ಸೂರ್ಯೋದಯ: 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಬೆಳಗಿನ 3ರಿಂದ 7ರ ನಡುವೆ ಒಳಗೆ ಹೋಗುವ ಪ್ರತಿ ವಾಹನಕ್ಕೂ ಬೇಕು. ಇನ್ನೊಂದಷ್ಟು ಜಾಗ ಎರಡು ದಿನ ಮುಂಚೆ ಬಿಡುತ್ತಾರೆ.
- ಕವಾಯಿಯ ಹಾಏನಾ ಸ್ಟೇಟ್ ಪಾರ್ಕ್ (ನಾ ಪಾಲಿ ತೀರ ಶುರುವಾಗುವ ಜಾಗ), ಓವಾಹುವಿನ ಡೈಮಂಡ್ ಹೆಡ್ ಬೆಟ್ಟ, ಮೌಯಿಯ ವೈಆನಪನಪ ಕಪ್ಪು ಮರಳಿನ ತೀರ: 30 ದಿನ ಮುಂಚೆ.
- ಓವಾಹುವಿನ ಹನೌಮ ಬೇ: ಎರಡು ದಿನ ಮುಂಚೆ, ಹವಾಯಿ ಸಮಯ ಬೆಳಗ್ಗೆ 7ಕ್ಕೆ. ಅಂದರೆ ನಮ್ಮ ರಾತ್ರಿ ಹತ್ತೂವರೆ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಸೋಮವಾರ, ಮಂಗಳವಾರ ರಜೆ.
- ಪರ್ಲ್ ಹಾರ್ಬರಿನಲ್ಲಿ ಮುಳುಗಿದ ಯುದ್ಧನೌಕೆ ಅರಿಜೋನಾದ ಸ್ಮಾರಕಕ್ಕೆ ಹೋಗುವ ದೋಣಿ: ಟಿಕೆಟ್ ಉಚಿತ, ಕಾದಿರಿಸಲು 1 ಡಾಲರ್. ಒಳಗೆ ಚೀಲ ಬಿಡುವುದಿಲ್ಲ.

ಹಾಏನಾ ಸಿಗದಿದ್ದರೆ ಬೇಜಾರು ಬೇಡ. ಕವಾಯಿಯಲ್ಲಿ ವೈಮೆಯ ಕಣಿವೆಯ ರಸ್ತೆಗೆ ಇಂಥ ಬುಕಿಂಗ್ ಇಲ್ಲ. ಅದರ ತುದಿಯ ಕಲಲೌ ನೋಟದ ಕಟ್ಟೆಯಿಂದ ನಾ ಪಾಲಿ ಕಣಿವೆ ಪೂರ್ತಿ ಕಾಣುತ್ತದೆ. ಮೋಡ ಮುಚ್ಚಿದ್ದರೆ ಇಪ್ಪತ್ತು ನಿಮಿಷ ಕಾಯಿರಿ. ಅಲ್ಲಿ ಮೋಡ ತೆರೆದು ಮುಚ್ಚುವುದು ನೋಡುವುದೇ ಒಂದು ಸುಖ.

ಹಂತ 6: ಉಳಿಯುವುದು ಮತ್ತು ಖರ್ಚು

ಹವಾಯಿ ದುಬಾರಿ. ಹೋಟೆಲ್ ದರ ನೋಡುವಾಗ ಮೂರು ವಿಷಯ ಸೇರಿಸಿ: ತೆರಿಗೆ ಎಲ್ಲ ಸೇರಿ ಸುಮಾರು 18ರಿಂದ 19%, ಅನೇಕ ಕಡೆ ದಿನಕ್ಕೆ ಬೇರೆಯೇ ರೆಸಾರ್ಟ್ ಶುಲ್ಕ, ಕಾರು ನಿಲ್ಲಿಸಲು ಇನ್ನೊಂದು ಶುಲ್ಕ. ಕಂಡ ದರಕ್ಕೂ ಕೊಡುವ ದರಕ್ಕೂ ದೊಡ್ಡ ವ್ಯತ್ಯಾಸ ಇರುತ್ತದೆ. ಕುಟುಂಬಕ್ಕೆ ಅಡುಗೆಮನೆ ಇರುವ ಕಾಂಡೊ, ಅಂದರೆ ಬಾಡಿಗೆ ಫ್ಲ್ಯಾಟ್ ಒಳ್ಳೆಯದು.

ಬಿಗ್ ಐಲ್ಯಾಂಡಿನಲ್ಲಿ ಒಂದೇ ಕಡೆ ಉಳಿಯಬೇಡಿ. ಕೋನಾದಿಂದ ಜ್ವಾಲಾಮುಖಿ ಉದ್ಯಾನಕ್ಕೆ ಎರಡು ಗಂಟೆಗೂ ಮೇಲೆ ಬೇಕು. ರಾತ್ರಿ ಲಾವಾ ನೋಡಿ ಆ ಕತ್ತಲೆ ದಾರಿಯಲ್ಲಿ ವಾಪಸ್ ಬರುವುದು ಕಷ್ಟ. ಎರಡು ರಾತ್ರಿ ಉದ್ಯಾನದ ಬಳಿಯ ವಾಲ್ಕೆನೋ ಹಳ್ಳಿಯಲ್ಲೋ ಹಿಲೊದಲ್ಲೋ ಇರಿ, ಮೂರು ರಾತ್ರಿ ಕೋನಾ ಕಡೆ. ಕಾರನ್ನು ವಿಮಾನ ಟಿಕೆಟ್ ತೆಗೆದ ದಿನವೇ ಕಾದಿರಿಸಿ.

ಹಂತ 7: ಜ್ವಾಲಾಮುಖಿಯ ದಿನ

ಇದಕ್ಕೆ ಪೂರ್ತಿ ಒಂದು ಹಗಲು, ಒಂದು ರಾತ್ರಿ ಕೊಡಿ.

ಹವಾಯಿ ವಾಲ್ಕೆನೋಸ್ ರಾಷ್ಟ್ರೀಯ ಉದ್ಯಾನದಲ್ಲಿ ಎರಡು ಜೀವಂತ ಜ್ವಾಲಾಮುಖಿಗಳಿವೆ. ಮೌನಾ ಲೋವ 38 ವರ್ಷ ಸುಮ್ಮನಿದ್ದು 2022ರ ನವೆಂಬರ್‌ನಲ್ಲಿ ಎದ್ದಿತು. ಕಿಲವೇಯ ಅಷ್ಟು ಹೊತ್ತು ಸುಮ್ಮನಿರುವುದಲ್ಲ. 2018ರಲ್ಲಿ ಅದರ ಪೂರ್ವದ ಇಳಿಜಾರಿನಲ್ಲಿ ನೆಲ ಬಿರಿದು ಏಳುನೂರಕ್ಕೂ ಹೆಚ್ಚು ಮನೆಗಳು ಲಾವಾ ಪಾಲಾದವು. ಮೇಲಿನ ಹಲೇಮೌಮೌ ಕುಳಿ ಕುಸಿದು ಪಾತಾಳದಂತಾಯಿತು. ಮರುವರ್ಷ ಆ ಗುಂಡಿಯಲ್ಲಿ ನೀರು ತುಂಬಿ ಕೆರೆಯಾಯಿತು. 2020ರ ಡಿಸೆಂಬರ್‌ನಲ್ಲಿ ಲಾವಾ ಬಂದು ಆ ಕೆರೆಯನ್ನು ಆವಿ ಮಾಡಿತು. 2024ರ ಡಿಸೆಂಬರ್‌ನಿಂದ ಬಿಟ್ಟು ಬಿಟ್ಟು ಚಿಮ್ಮತೊಡಗಿತು. ಕೆಲವು ಗಂಟೆ ಬೆಂಕಿಯ ಕಾರಂಜಿ, ಆಮೇಲೆ ದಿನಗಟ್ಟಲೆ ಮೌನ.

ಅಂದರೆ ನೀವು ಹೋದ ದಿನ ಲಾವಾ ಕಾಣಬಹುದು, ಕಾಣದೇ ಇರಬಹುದು. ಹೀಗೆ ಮಾಡಿ:

ಹೊರಡುವ ವಾರದಿಂದ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಹವಾಯಿಯನ್ ವಾಲ್ಕೆನೋ ಅಬ್ಸರ್ವೇಟರಿಯ ದಿನದ ವರದಿ ಓದಿ. 1912ರಿಂದ ಈ ಬೆಟ್ಟಗಳ ನಾಡಿ ಹಿಡಿದು ಕೂತವರು ಅವರು. ಕುಳಿಯ ಮೇಲೆ ನೇರ ಪ್ರಸಾರದ ಕ್ಯಾಮೆರಾಗಳೂ ಇವೆ. ಚಿಮ್ಮುವ ಸೂಚನೆ ಇದ್ದರೆ ಉಳಿದ ಪ್ಲಾನ್ ಹಿಂದೆ ಮುಂದೆ ಮಾಡಿ, ಅದಕ್ಕೇ ಮೊದಲ ಜಾಗ ಕೊಡಿ. ಉದ್ಯಾನ ದಿನದ 24 ಗಂಟೆ ತೆರೆದಿರುತ್ತದೆ. ಪ್ರವೇಶ ವಾಹನಕ್ಕೆ 30 ಡಾಲರ್, ಒಂದು ವಾರ ನಡೆಯುತ್ತದೆ. ಕಾರ್ಡ್ ಇಟ್ಟುಕೊಳ್ಳಿ.

ಬೆಳಗ್ಗೆ ಬೇಗ ಕಿಲವೇಯ ಇಕಿ ಜಾಡು ನಡೆಯಿರಿ, ಸುಮಾರು 5 ಕಿಲೋಮೀಟರ್ ಸುತ್ತು. ಮರಗಿಡಗಳ ನಡುವೆ ಇಳಿದು, 1959ರಲ್ಲಿ ಕುದಿಯುವ ಲಾವಾದ ಕೆರೆಯಾಗಿದ್ದ ಕುಳಿಯ ತಳದ ಮೇಲೇ ದಾಟುತ್ತೀರಿ. ಆಗ ಬೆಂಕಿ ಅರ್ಧ ಕಿಲೋಮೀಟರಿಗೂ ಎತ್ತರ ಚಿಮ್ಮಿತ್ತು. ಈಗ ಬಿರುಕುಗಳಲ್ಲಿ ಹಬೆ ಏಳುತ್ತದೆ. ಆ ಕಲ್ಲಿನ ಬಿರುಕಿನಲ್ಲೇ ಓಹಿಅ ಗಿಡ ಬೇರು ಬಿಟ್ಟು ಕೆಂಪು ಹೂ ಬಿಟ್ಟಿರುತ್ತದೆ. ನಮ್ಮ ನೇರಳೆಯ ಕುಟುಂಬಕ್ಕೇ ಸೇರಿದ ಮರ ಅದು. ಅಮ್ಮ ಅಲ್ಲಿ ಒಂದು ಗಿಡದ ಮುಂದೆ ಕೂತು ತುಂಬ ಹೊತ್ತು ಏಳಲಿಲ್ಲ. ಈ ಮರಗಳಿಗೆ ಶಿಲೀಂಧ್ರದ ರೋಗ ಹರಡುತ್ತಿದೆ. ಜಾಡಿಗೆ ಇಳಿಯುವ ಮುಂಚೆಯೂ ಮೇಲೆ ಬಂದ ಮೇಲೂ ಚಪ್ಪಲಿ, ಬೂಟಿನ ಮಣ್ಣು ಉಜ್ಜಿ ತೆಗೆಯಿರಿ, ಅದಕ್ಕೆ ಬ್ರಷ್ ಇಟ್ಟಿರುತ್ತಾರೆ.

ಮಧ್ಯಾಹ್ನ ಚೈನ್ ಆಫ್ ಕ್ರೇಟರ್ಸ್ ರಸ್ತೆಯಲ್ಲಿ ಸಮುದ್ರದ ತನಕ ಇಳಿಯಿರಿ. ಸುಮಾರು 30 ಕಿಲೋಮೀಟರ್. ದಾರಿಯಲ್ಲಿ ಊಟ, ಪೆಟ್ರೋಲ್ ಇಲ್ಲ, ಬುತ್ತಿ ಕಟ್ಟಿಕೊಳ್ಳಿ. ಎರಡು ಬಗೆಯ ಲಾವಾ ಕಲ್ಲು ಅಲ್ಲಿ ಚೆನ್ನಾಗಿ ಕಾಣುತ್ತದೆ. ಹಗ್ಗ ಸುತ್ತಿದ ಹಾಗೆ ನುಣುಪಾಗಿರುವುದು ಪಾಹೊಯ್‌ಹೊಯ್. ಚೂಪು ಚೂಪಾಗಿ ಕಾಲು ಕೊಯ್ಯುವುದು ಆಆ. ಇವು ಹವಾಯಿ ಭಾಷೆಯ ಪದಗಳು. ಜಗತ್ತಿನ ಭೂವಿಜ್ಞಾನಿಗಳೆಲ್ಲ ಇವನ್ನೇ ಬಳಸುತ್ತಾರೆ.

ಸಂಜೆ ಕುಳಿಯ ಅಂಚಿಗೆ ಬನ್ನಿ. ಸುಮಾರು 1,200 ಮೀಟರ್ ಎತ್ತರ. ರಾತ್ರಿ ಚಳಿ, ಜೊತೆಗೆ ಜಿನುಗು ಮಳೆ. ಸ್ವೆಟರ್, ಮಳೆಕೋಟು, ಟಾರ್ಚ್ ಬೇಕು. ಆಸ್ತಮಾ ಇರುವವರು, ಗರ್ಭಿಣಿಯರು, ಪುಟ್ಟ ಮಕ್ಕಳು ಗಂಧಕದ ಹೊಗೆ ಹೆಚ್ಚಿದ ದಿನ ದೂರ ಇರಬೇಕು. ಗಾಳಿಯಲ್ಲಿ ಹೊನ್ನಿನ ಎಳೆಯಂಥ ಗಾಜಿನ ನೂಲು ತೇಲಿ ಬಂದು ಬಿದ್ದಿರುತ್ತದೆ. ಪೇಲೆಯ ಕೂದಲು ಅನ್ನುತ್ತಾರೆ. ಮುಟ್ಟಬೇಡಿ, ಚರ್ಮಕ್ಕೆ ಚುಚ್ಚುತ್ತದೆ.

ಪೇಲೆ ಬೆಂಕಿಯ ದೇವಿ. ಹಲೇಮೌಮೌ ಅವಳ ಮನೆ. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪ ಕುಳಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ಕೈ ಮುಗಿದರು. ಪಕ್ಕದಲ್ಲಿದ್ದ ಸ್ಥಳೀಯ ಅಜ್ಜಿಯೊಬ್ಬರು ನೋಡಿ ತಲೆಬಾಗಿದರು. ಮಾತು ಏನೂ ಆಗಲಿಲ್ಲ.

ಹಂತ 8: ಎತ್ತರಕ್ಕೆ ಹತ್ತುವಾಗ

ಮೌನಾ ಕೇಯ 4,207 ಮೀಟರ್. ಸಮುದ್ರದ ತಳದಿಂದ ಅಳೆದರೆ 10,000 ಮೀಟರ್ ದಾಟುತ್ತದೆ, ಎವರೆಸ್ಟಿಗಿಂತ ಎತ್ತರ. ಬೆಳಗ್ಗೆ ಕಡಲತೀರದಲ್ಲಿದ್ದವರು ಎರಡು ಗಂಟೆಯಲ್ಲಿ ಅಲ್ಲಿಗೆ ಹೋದರೆ ತಲೆ ಸುತ್ತುವುದು ಸಹಜ. ಸುಮಾರು 2,800 ಮೀಟರಿನ ಸಂದರ್ಶಕ ಕೇಂದ್ರದಲ್ಲಿ ಕನಿಷ್ಠ ಅರ್ಧ ಗಂಟೆ ನಿಲ್ಲಿ. ಅಲ್ಲಿಂದ ಮೇಲೆ ಫೋರ್ ವೀಲ್ ಡ್ರೈವ್ ಮಾತ್ರ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಸಣ್ಣ ಮಕ್ಕಳು ಮೇಲೆ ಹೋಗಬಾರದು. ಸ್ಕೂಬಾ ಡೈವಿಂಗ್ ಮಾಡಿದ್ದರೆ 24 ಗಂಟೆ ಬಿಟ್ಟೇ ಹತ್ತಬೇಕು. ನಕ್ಷತ್ರ ನೋಡಲು ಕೇಂದ್ರದ ಅಂಗಳವೇ ಸಾಕು. ನಾವು ಅಲ್ಲೇ ನಿಂತೆವು, ಏನೂ ಕಳೆದುಕೊಂಡೆವು ಅನ್ನಿಸಲಿಲ್ಲ.

ಮೌಯಿಯ 3,055 ಮೀಟರ್ ಎತ್ತರದ ಹಲೇಅಕಲಾದಲ್ಲಿ ಸೂರ್ಯೋದಯ ಪ್ರಸಿದ್ಧ. ಮಕ್ಕಳಿದ್ದರೆ ಸೂರ್ಯಾಸ್ತಕ್ಕೆ ಹೋಗಿ. ಬುಕಿಂಗ್ ಬೇಡ, ನಡುರಾತ್ರಿ ಏಳುವುದೂ ಬೇಡ.

ಹಂತ 9: ಸಮುದ್ರಕ್ಕೆ ಇಳಿಯುವ ಮುಂಚೆ

ಚಳಿಗಾಲದಲ್ಲಿ ಉತ್ತರದ ತೀರಗಳಲ್ಲಿ ಅಲೆ ಮನೆಯೆತ್ತರ ಬರುತ್ತದೆ. ಬೇಸಿಗೆಯಲ್ಲಿ ದಕ್ಷಿಣದಲ್ಲಿ ಅಲೆ ಜಾಸ್ತಿ. ಈಜು ಬಾರದವರು ಲೈಫ್‌ಗಾರ್ಡ್ ಇರುವ ತೀರಕ್ಕೆ ಮಾತ್ರ ಹೋಗಿ. ಕವಾಯಿಯ ಪೊಯ್ಪುವಿನಲ್ಲಿ ಕಲ್ಲಿನ ಒಡ್ಡಿನ ಒಳಗೆ ಮಕ್ಕಳಿಗೆಂದೇ ಕೊಳದಂಥ ಜಾಗವಿದೆ. ಅದೇ ದ್ವೀಪದಲ್ಲಿ ಕಡಲಂಚಿನ ಬಂಡೆಗಳ ನಡುವಿನ ಕೊಳ ಕ್ವೀನ್ಸ್ ಬಾತ್‌ನ ಚಂದದ ಫೋಟೊ ನೋಡಿ ಮರುಳಾಗಬೇಡಿ. ಅಲ್ಲಿ ಬಂಡೆಯ ಮೇಲೆ ನಿಂತವರನ್ನೇ ಅಲೆ ಎಳೆದುಕೊಂಡು ಹೋಗಿದೆ, ಹಲವರು ಸತ್ತಿದ್ದಾರೆ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ. ಮಳೆ ಬಂದ ಮೇಲೆ ಹೊಳೆ ದಾಟಬೇಡಿ, ಮೇಲಿನ ನೀರು ಒಂದೇ ಸಲಕ್ಕೆ ನುಗ್ಗುತ್ತದೆ.

ಹಸಿರು ಆಮೆಗಳು ಮರಳಿನಲ್ಲಿ ಬಿಸಿಲು ಕಾಯಿಸಲು ಬರುತ್ತವೆ. ಮೂರು ಮೀಟರ್ ದೂರ ನಿಂತು ನೋಡಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರುವುದನ್ನು ಹವಾಯಿ 2021ರಿಂದ ನಿಷೇಧಿಸಿದೆ, ಹವಳಕ್ಕೆ ಹಾನಿ ಎಂದು. ಊರಿಂದ ಒಯ್ಯುವ ಟ್ಯೂಬಿನ ಹಿಂದೆ ಓದಿ ನೋಡಿ. ಸತುವಿನ ಜಿಂಕ್ ಆಕ್ಸೈಡ್ ಬಗೆ ಒಳ್ಳೆಯದು.

ಹಂತ 10: ಊಟ

ಸಸ್ಯಾಹಾರಿಗಳು ಹಸಿದಿರಬೇಕಿಲ್ಲ. ಓವಾಹು ಮತ್ತು ಮೌಯಿಯಲ್ಲಿ ಡೌನ್ ಟು ಅರ್ತ್ ಎಂಬ ಪೂರ್ತಿ ಸಸ್ಯಾಹಾರಿ ಅಂಗಡಿಗಳಿವೆ. ಉಳಿದ ಕಡೆ ರೈತರ ಸಂತೆ, ಕಾಂಡೊ ಅಡುಗೆಮನೆ ಸಾಕು. ಹಿಲೊ ಸಂತೆಯಲ್ಲಿ ಪರಂಗಿ, ತೆಂಗು ಎಲ್ಲ ನೋಡಿ ಅಮ್ಮ ಮಂಗಳೂರಿಗೆ ಬಂದಂತಾಯಿತು ಅಂದರು.

ಅಲ್ಲಿಯ ಜನರ ಮೂಲ ಆಹಾರ ಕೆಸುವಿನ ಗೆಡ್ಡೆ. ಅವರು ಕಲೊ ಅನ್ನುತ್ತಾರೆ. ಬೇಯಿಸಿ ಜಜ್ಜಿ ಮಾಡುವ ನೇರಳೆ ಬಣ್ಣದ ಪೋಯಿ ಎರಡು ದಿನ ಇಟ್ಟರೆ ಹುಳಿ ಬರುತ್ತದೆ, ನಮ್ಮ ದೋಸೆ ಹಿಟ್ಟಿನ ಹಾಗೆ. ಅವರ ಪುರಾಣದಲ್ಲಿ ಕೆಸು ಮನುಷ್ಯರ ಅಣ್ಣ. ಕವಾಯಿಯ ಹನಲೇಯಿ ಕಣಿವೆಯಲ್ಲಿ ನೀರು ನಿಲ್ಲಿಸಿದ ಕೆಸುವಿನ ಗದ್ದೆಗಳು ದೂರದಿಂದ ಥೇಟ್ ನಮ್ಮ ಭತ್ತದ ಗದ್ದೆ. ಕೆಸುವಿನ ಎಲೆಯಲ್ಲಿ ಸುತ್ತಿದ ಲೌಲೌ ಪತ್ರೊಡೆಯಂತೆ ಕಾಣುತ್ತದೆ, ಆದರೆ ಒಳಗೆ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ಕೇಳಿಯೇ ತಿನ್ನಿ. ಕೆಸು ಮತ್ತು ತೆಂಗಿನ ಹಾಲಿನ ಕುಲೊಲೊ, ಬರೀ ತೆಂಗಿನ ಹಾಲಿನ ಹೌಪಿಯ ಎರಡೂ ಹಾಲುಬಾಯಿಯ ನೆಂಟರು.

ಕೋನಾ ಇಳಿಜಾರಿನ ಕಾಫಿ ತೋಟಗಳಿಗೆ ಒಂದು ಬೆಳಗ್ಗೆ ಇಡಿ. ಅಲ್ಲಿ ನಮ್ಮ ಚಿಕ್ಕಮಗಳೂರಿನಂತೆ ದೊಡ್ಡ ನೆರಳಿನ ಮರಗಳಿಲ್ಲ. ಮಧ್ಯಾಹ್ನ ತಪ್ಪದೆ ಬರುವ ಮೋಡವೇ ಗಿಡಕ್ಕೆ ಕೊಡೆ. ಪೊಟ್ಟಣ ಕೊಳ್ಳುವಾಗ 100% ಕೋನಾ ಎಂದಿದೆಯಾ ನೋಡಿ. ಬ್ಲೆಂಡ್ ಅಂತಿದ್ದರೆ ಬಹುಪಾಲು ಬೇರೆ ಊರಿನ ಬೀಜ ಇರಬಹುದು.

ಹಂತ 11: ಕವಾಯಿಯಲ್ಲಿ ಒಂದು ಬೆಳಗ್ಗೆ ದೇವಸ್ಥಾನಕ್ಕೆ

ವೈಲುವಾ ನದಿಯ ಬಳಿ ಕವಾಯಿ ಹಿಂದೂ ಆಶ್ರಮವಿದೆ. 1970ರಲ್ಲಿ ಶಿವಾಯ ಸುಬ್ರಮುನಿಯಸ್ವಾಮಿ ಕಟ್ಟಿದ್ದು. ಅಲ್ಲಿಯ ಬಿಳಿ ಗ್ರಾನೈಟಿನ ಇರೈವನ್ ದೇವಾಲಯದ ಕಲ್ಲುಗಳನ್ನು ಕೆತ್ತಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನ ಹತ್ತಿರ. 1990ರಿಂದ ಶಿಲ್ಪಿಗಳು ಉಳಿ ಸುತ್ತಿಗೆಯಲ್ಲೇ ಕೆತ್ತಿ, ಹಡಗಿನಲ್ಲಿ ಸಾಗಿಸಿ, ಅಲ್ಲಿ ಒಂದೊಂದಾಗಿ ಜೋಡಿಸಿದರು. ಕುಂಭಾಭಿಷೇಕ ಆದದ್ದು 2023ರ ಮಾರ್ಚ್‌ನಲ್ಲಿ. ಒಳಗೆ ಸುಮಾರು 320 ಕಿಲೋ ತೂಕದ ಸ್ಫಟಿಕ ಲಿಂಗ. ಬೆಳಗಿನ ಹೊತ್ತು ಮಾತ್ರ ತೆರೆದಿರುತ್ತದೆ. ಹೋಗುವ ಮುಂಚೆ ಆಶ್ರಮದ ಜಾಲತಾಣದಲ್ಲಿ ಆ ದಿನದ ಸಮಯ ನೋಡಿ, ಮೈ ಮುಚ್ಚುವ ಬಟ್ಟೆ ಉಡಿ.

ಹಂತ 12: ವಾಪಸ್ ಹೊರಡುವಾಗ

ಹವಾಯಿಯಿಂದ ಅಮೆರಿಕದ ಮುಖ್ಯಭಾಗಕ್ಕೆ ಹೊರಡುವ ಸಾಮಾನನ್ನು ಕೃಷಿ ಇಲಾಖೆ ತಪಾಸಣೆ ಮಾಡುತ್ತದೆ. ಹೆಚ್ಚಿನ ಹಸಿ ಹಣ್ಣುಗಳಿಗೆ ಅನುಮತಿ ಇಲ್ಲ, ಅನಾನಸಿಗೆ ಇದೆ. ಹುರಿದ ಕಾಫಿ, ಮೆಕಡೇಮಿಯಾ ಬೀಜಕ್ಕೂ ತೊಂದರೆಯಿಲ್ಲ. ಅಲ್ಲಿಗೆ ಹೋಗುವಾಗಲೂ ಗಿಡ, ಬೀಜ, ಹಣ್ಣು ಇದ್ದರೆ ಕೃಷಿ ಘೋಷಣೆಯ ಫಾರಂನಲ್ಲಿ ಬರೆಯಲೇಬೇಕು. ದ್ವೀಪದ ಕಾಡುಗಳನ್ನು ಹೊರಗಿನ ಗಿಡಗಳು, ಕೀಟಗಳು ಈಗಾಗಲೇ ತುಂಬ ಹಾಳು ಮಾಡಿವೆ.

ಲಾವಾ ಕಲ್ಲು, ಕಪ್ಪು ಮರಳು ಚೀಲಕ್ಕೆ ಹಾಕಬೇಡಿ. ಉದ್ಯಾನದಿಂದ ಕಲ್ಲು ಒಯ್ಯುವುದು ಕಾನೂನಿಗೂ ವಿರುದ್ಧ, ಅಲ್ಲಿಯ ಜನರ ನಂಬಿಕೆಗೂ ವಿರುದ್ಧ. ಒಯ್ದವರು ಆಮೇಲೆ ಕ್ಷಮೆ ಕೇಳಿ ಅಂಚೆಯಲ್ಲಿ ಕಲ್ಲು ವಾಪಸ್ ಕಳಿಸುತ್ತಲೇ ಇರುತ್ತಾರೆ. ಅಲ್ಲಿಯ ರೂಮು ಬಿಡುವ ಮುಂಚೆ ಮಕ್ಕಳ ಜೇಬು, ಬೂಟಿನ ಸಂದಿ ಒಮ್ಮೆ ಕೊಡವಿ ನೋಡಿ. ನಮ್ಮ ಮಗಳ ಜೇಬಿನಲ್ಲಿ ಬೊಗಸೆಯಷ್ಟು ಕಪ್ಪು ಮರಳು ಸಿಕ್ಕಿತು. ವಿಮಾನಕ್ಕೆ ಇನ್ನೂ ಸಮಯ ಇತ್ತು. ಬಿಗ್ ಐಲ್ಯಾಂಡಿನ ಪುನಲುಉ ಕಪ್ಪು ಮರಳಿನ ತೀರಕ್ಕೆ ವಾಪಸ್ ಹೋಗಿ ಅಲ್ಲೇ ಸುರಿದು ಬಂದೆವು.